ನಿಂಗೆ ಏನ್ ಗೊತ್ತುಟ್ಟು?

ಹೆಸರು, ಊರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳ ಒಪ್ಪಿಗೆ ಇದೆ; ಬರೆದದ್ದನ್ನು ಮೊದಲು ಓದಿದವಳೂ ಅವಳೇ. ಇಲ್ಲಿ ಸುಮ ಎಂದು ಕರೆಯುತ್ತೇನೆ.

ಸುಮ ಆಪ್ತ ಸಲಹೆಗಾರಳಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರಿನೊಂದಿಗೆ. 24 ವರ್ಷ. ರಾತ್ರಿ ಎರಡು ಗಂಟೆಯವರೆಗೂ ಮೊಬೈಲಿನಲ್ಲಿ ರಾಜಕೀಯ ಸುದ್ದಿ ನೋಡುತ್ತಾಳೆ, ಚಾನೆಲ್‌ಗಳ ಚರ್ಚೆ ಕೇಳುತ್ತಾಳೆ, ಬೆಳಿಗ್ಗೆ ಎದೆ ಬಿಗಿದುಕೊಂಡಿರುತ್ತದೆ. "ಎಷ್ಟು ಓದಿದ್ರೂ ದಡ್ಡಿ ಅಂತಲೇ ಅನ್ನಿಸ್ತದೆ ಮೇಡಂ. ಇಲ್ಲಿ ಚಿಕ್ಕ ಮಕ್ಕಳಿಗೂ ಯಾರು ಯಾವ ಕಡೆ ಅಂತ ಗೊತ್ತುಂಟು. ನಂಗೆ ಗೊತ್ತಿಲ್ಲ." ಇಷ್ಟು ಹೇಳಿ ಸುಮ್ಮನಾದಳು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ನಡೆದ ಸಂಗತಿ ಹೊರಬಂದದ್ದು ಅರ್ಧ ಗಂಟೆಯ ಮೇಲೆ.

ಹುತ್ತರಿಗೆ ಇಡೀ ಕುಟುಂಬ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ ಸೇರಿತ್ತು. ಕದಿರು ತಂದು, ಕೋವಿ ಹಾರಿಸಿ, ಎಲ್ಲರೂ ಊಟಕ್ಕೆ ಕೂತಿದ್ದಾರೆ. ಮಾತು ಚುನಾವಣೆಗೆ ಹೊರಳಿದೆ. ಸುಮ ಕೇಳಿದಳು: "ದೊಡ್ಡಪ್ಪ, ನಮ್ಮ ಲೈನ್‌ಮನೆಯವ್ರು ಮೂರು ತಲೆಮಾರಿಂದ ಇಲ್ಲೇ ಇದ್ದಾರಲ್ಲ, ಅವರಿಗೆ ಸ್ವಂತ ಅಂತ ಒಂದು ಸೆಂಟ್ ಜಾಗ ಯಾಕಿಲ್ಲ?" ಲೈನ್‌ಮನೆ ಎಂದರೆ ತೋಟದ ಕೂಲಿಯವರು ವಾಸಿಸುವ ಸಾಲುಮನೆ. ದೊಡ್ಡಪ್ಪ ಅರ್ಧ ಊಟಕ್ಕೇ ಎದ್ದರು. ಎದ್ದು ಹೋಗುವಾಗ, "ನಿಂಗೆ ಏನ್ ಗೊತ್ತುಟ್ಟು?" ಎಂದರು. ಅವರ ಮನೆಮಾತು ಅರೆಭಾಷೆ, ಈ ಕಡೆಯ ಕನ್ನಡದ ಒಂದು ಒಳನುಡಿ. ಸುಮಳಿಗೆ ಅದು ಅರ್ಥವಾಗುತ್ತದೆ, ಆಡಲು ಹೋದರೆ ನಾಲಿಗೆ ತೊಡರುತ್ತದೆ. ಆ ಹೊತ್ತಿಗೆ ಅವಳ ಬಾಯಿಗೆ ಬಂದ ಉತ್ತರ ಇಂಗ್ಲಿಷಿನದು. ಅಲ್ಲಿಗೆ ಮನೆಯಲ್ಲಿ ಯಾರೂ ಅವಳ ಪರ ಮಾತಾಡದಂತಾಯಿತು. ಅಂದಿನಿಂದ ಅವಳು ದೊಡ್ಡಪ್ಪನ ಮನೆಯ ಮೆಟ್ಟಿಲು ಹತ್ತಿಲ್ಲ.

ಎರಡು ವರ್ಷದವಳಿದ್ದಾಗ ಅಪ್ಪ–ಅಮ್ಮನ ಜೊತೆ ಗಲ್ಫ್ ದೇಶವೊಂದಕ್ಕೆ ಹೋದವಳು, 22ಕ್ಕೆ ಹಿಂದಿರುಗಿದ್ದಾಳೆ. ಅಲ್ಲಿನ ಭಾರತೀಯ ಶಾಲೆಯಲ್ಲಿ ಓದು. ಲೋಕಸಭೆಯ ಸದಸ್ಯರೆಷ್ಟು, ರಾಜ್ಯಸಭೆಯ ಅವಧಿ ಎಷ್ಟು, ಎಲ್ಲ ಬಾಯಿಪಾಠ. ಆದರೆ ಆ ದೇಶದಲ್ಲಿ ಇವರಿಗೆ ಓಟಿಲ್ಲ. ಬೀದಿಯಲ್ಲಿ ಬಾವುಟ ಹಿಡಿದವರನ್ನು, ಗೋಡೆಗೆ ಅಂಟಿಸಿದ ಅಭ್ಯರ್ಥಿಯ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಮನೆಯಲ್ಲೂ ಅಪ್ಪ, "ನಾವು ಇಲ್ಲಿ ದುಡಿಯೋಕೆ ಬಂದವರು, ಆ ಮಾತೆಲ್ಲ ಬೇಡ" ಎನ್ನುತ್ತಿದ್ದರು. ಅದು ಜಾಗ್ರತೆಯ ಮಾತು, ತಪ್ಪೆನ್ನಲಾರೆ. ಆದರೆ 20 ವರ್ಷ ಬಾಯಿ ಮುಚ್ಚಿಕೊಂಡಿರುವುದನ್ನೇ ಒಳ್ಳೆಯ ನಡತೆ ಎಂದು ಕಲಿತ ಹುಡುಗಿ ಊರಿಗೆ ಬಂದು ಮೊದಲ ಬಾರಿ ಬಾಯಿ ತೆರೆದಾಗ ಸಿಕ್ಕಿದ್ದು ಆ ಉತ್ತರ.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಓದಬೇಕಾದ ಪುಸ್ತಕ, ಪತ್ರಿಕೆಗಳ ಪಟ್ಟಿ ಕೊಟ್ಟೆ. ಎರಡನೆಯ ಭೇಟಿಗೆ ಅವಳು ನೋಟ್ಸ್ ಬರೆದುಕೊಂಡು, ಪರೀಕ್ಷೆಗೆ ಬಂದವಳ ಮುಖದಲ್ಲಿ ಬಂದಳು. ನಿದ್ದೆ ಮತ್ತಷ್ಟು ಕೆಟ್ಟಿತ್ತು. ಅವಳಿಗೆ ಮಾಹಿತಿ ಕಡಿಮೆಯಿದೆ ಎಂದು ನಾನೂ ದೊಡ್ಡಪ್ಪನ ಹಾಗೆಯೇ ತಿಳಿದಿದ್ದೆ. ಪಟ್ಟಿಯನ್ನು ಹಿಂದೆ ತೆಗೆದುಕೊಂಡೆ, ಒಂದು ಚಾರ್ಟ್ ಹಾಳೆ ಹರಡಿದೆ.

ಹಾಳೆಯ ಮೇಲೆ ಅವಳ ಮನೆಯ ಮೂರು ತಲೆಮಾರು ಬರೆಸಿದೆ. ಪಕ್ಕದಲ್ಲಿ ಇಸವಿ. "ಆ ವರ್ಷ ಈ ಮನೆಯಲ್ಲಿ ಏನಾಯ್ತು ಅಂತ ಕೇಳಿಕೊಂಡು ಬಾ. ಯಾವ ಪಕ್ಷ, ಯಾಕೆ ಅಂತ ಕೇಳಬೇಡ. ಆಗ ನೀವು ಎಲ್ಲಿದ್ರಿ, ಮನೆಯಲ್ಲಿ ಏನು ಕಷ್ಟ ಇತ್ತು, ಅಷ್ಟು ಕೇಳು ಸಾಕು." ದೊಡ್ಡಪ್ಪನಿಂದ ಶುರು ಮಾಡಬೇಡ, ಅಜ್ಜನ ಹತ್ತಿರ ಹೋಗು ಎಂದೂ ಹೇಳಿದೆ. ಗಾಯ ಹಸಿಯಿರುವ ಕಡೆ ಮೊದಲು ಕೈ ಹಾಕಬಾರದು.

ಅಜ್ಜನಿಗೆ 80 ದಾಟಿದೆ. 1952ರ ಚುನಾವಣೆಯಲ್ಲಿ ತನ್ನ ಅಪ್ಪ 'ತಕ್ಕಡಿ'ಗೆ ಓಟು ಹಾಕಿದ್ದನ್ನು ಮೊಮ್ಮಗಳಿಗೆ ಹೇಳಿದರಂತೆ. ಸುಮಳಿಗೆ ಅದೇನೆಂದು ತಿಳಿಯಲಿಲ್ಲ. ಕೊಡಗು ಆಗ ಸ್ವಂತ ವಿಧಾನಸಭೆಯಿದ್ದ, 'ಸಿ' ವರ್ಗಕ್ಕೆ ಸೇರಿದ ಪುಟ್ಟ ರಾಜ್ಯ. 24 ಸ್ಥಾನ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರುವುದು ಬೇಡ ಎಂದ ಪಂದ್ಯಂಡ ಬೆಳ್ಯಪ್ಪನವರ ಕಡೆಯವರನ್ನು ಚುನಾವಣಾ ಗುರುತಿನಿಂದ ತಕ್ಕಡಿ ಪಕ್ಷ ಎನ್ನುತ್ತಿದ್ದರು. ಅವರು ಗೆದ್ದದ್ದು 9 ಸ್ಥಾನ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ಉಳಿದವರು ಸಂಭ್ರಮದಿಂದ ನೆನೆಯುವ ಆ ದಿನ ತನ್ನ ಅಪ್ಪ ಯಾರ ಹತ್ತಿರವೂ ಮಾತಾಡಲಿಲ್ಲ ಎಂದರಂತೆ ಅಜ್ಜ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೇರಿದ್ದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ. ಇದರಲ್ಲಿ ಸರಿ ತಪ್ಪು ತೀರ್ಮಾನಿಸುವುದು ಸಲಹೆಗಾರಳ ಕೆಲಸವಲ್ಲ, ನನ್ನ ಓಟನ್ನು ನಾನು ಕೋಣೆಯ ಹೊರಗೇ ಇಟ್ಟು ಬರುತ್ತೇನೆ. ಆದರೆ ಬೆಂಗಳೂರಿಂದ ಯಾವುದೇ ಆದೇಶ ಬಂದರೂ ದೊಡ್ಡಪ್ಪನ ಹುಬ್ಬು ಯಾಕೆ ಗಂಟಾಗುತ್ತದೆ ಎಂಬುದು ಸುಮಳಿಗೆ ಆವತ್ತು ಸ್ವಲ್ಪ ಕಂಡಿತು.

ಹಾಳೆಯ ಮೇಲೆ 2002 ಎಂದು ಬರೆದಾಗ ಅವಳ ಕೈ ನಿಂತಿತು. ಅದು ಅವಳು ದೇಶ ಬಿಟ್ಟ ವರ್ಷ. ಯಾಕೆ ಹೋದಿರಿ ಎಂದು ಅಮ್ಮನನ್ನು ಕೇಳಿದ್ದಾಳೆ. ಕಾಫಿಗೆ ಬೆಲೆಯಿರಲಿಲ್ಲ, ಅಷ್ಟೇ ಉತ್ತರ. ಅದರ ಹಿಂದಿನದನ್ನು ಅವಳು ಬಿಡದೆ ಹುಡುಕಿದಳು. 90ರ ದಶಕದ ನಡುವಿನವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಆಮೇಲೆ ಮಾರುಕಟ್ಟೆ ಮುಕ್ತವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹೆಪ್ಪುಗಟ್ಟಿದ ಮಂಜಿಗೆ ಕಾಫಿ ಬೆಳೆ ಹಾಳಾಗಿ ಬೆಲೆ ಏರಿದಾಗ ಇಲ್ಲಿ ಸಾಲ ಮಾಡಿ ಮನೆ ಕಟ್ಟಿದವರಿದ್ದಾರೆ, ಜೀಪು ಕೊಂಡವರಿದ್ದಾರೆ. 2001–02ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಅಣ್ಣ ತೋಟ ನೋಡಿಕೊಳ್ಳುವುದು, ತಮ್ಮ ಗಲ್ಫಿಗೆ ಹೋಗಿ ಸಾಲ ತೀರಿಸುವುದು ಎಂದು ಇಬ್ಬರೂ ಮಾತಾಡಿಕೊಂಡರು.

"ಹಾಗಾದ್ರೆ ನಾನು ಹೊರಗೆ ಬೆಳೆದದ್ದೂ ಇಲ್ಲಿನ ರಾಜಕೀಯದಿಂದಲೇ ಅಲ್ವಾ ಮೇಡಂ?" ಎಂದಳು. ಹೌದು ಮಗಾ ಎಂದೆ. ಆ ದಿನ ಬಹಳ ಅತ್ತಳು. ತನಗೆ ಈ ಊರಿನ ಕಥೆಯಲ್ಲಿ ಪಾಲಿಲ್ಲ ಎಂದು ಎರಡು ವರ್ಷದಿಂದ ನಂಬಿಕೊಂಡಿದ್ದವಳು ಅವಳು.

ವಿದೇಶದಲ್ಲಿ ಬೆಳೆದು ಬಂದ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಇಲ್ಲೇ ಬೆಳೆದವರ ರಾಜಕೀಯ ಅಭಿಪ್ರಾಯ ಹೆಚ್ಚಿನ ಸಲ ಒಂದು ನೆನಪು. ಯಾವಾಗಲೋ ಕಳೆದುಕೊಂಡ ಗದ್ದೆ, ಕಚೇರಿಯಲ್ಲಿ ಪಟ್ಟ ಅವಮಾನ, ಮಳೆಗಾಲದಲ್ಲಿ ಬಂದು ನಿಂತ ಒಬ್ಬ ಪಂಚಾಯಿತಿ ಸದಸ್ಯ. ಹೊರಗಿಂದ ಬಂದವರಿಗೆ ಅಭಿಪ್ರಾಯ ಮಾತ್ರ ಕೇಳಿಸುತ್ತದೆ. ಟಿವಿಯೂ ಅಷ್ಟನ್ನೇ ಜೋರಾಗಿ ಕೇಳಿಸುತ್ತದೆ. ಆದ್ದರಿಂದ ರಾತ್ರಿ 8ರ ಮೇಲೆ ಸುದ್ದಿ ನೋಡುವುದನ್ನು ಪೂರ್ತಿ ನಿಲ್ಲಿಸಲು ಹೇಳಿದೆ. ಬೆಳಿಗ್ಗೆ ಒಂದು ಕನ್ನಡ ಪತ್ರಿಕೆ, ಅದರಲ್ಲೂ ಮೊದಲು ಜಿಲ್ಲಾ ಪುಟ. ಮೂರು ವಾರದಲ್ಲಿ ನಿದ್ದೆ ಒಂದು ಹದಕ್ಕೆ ಬಂತು.

ಅವಳ ಪ್ರಶ್ನೆಯನ್ನು ಮಾತ್ರ ಬಿಡಲು ನಾನು ಹೇಳಲಿಲ್ಲ. ಇದನ್ನು ಒತ್ತಿ ಬರೆಯುತ್ತೇನೆ, ಏಕೆಂದರೆ ಹಿರಿಯರ ಜೊತೆ ಹೊಂದಿಕೊಂಡು ಹೋಗು ಎಂದು ಮಕ್ಕಳನ್ನು ಸುಮ್ಮನಾಗಿಸುವ ಸಲಹೆ ನಮ್ಮಲ್ಲಿ ತೀರಾ ಅಗ್ಗ. ಪ್ರಶ್ನೆ ನ್ಯಾಯವಾದದ್ದು, ಕೇಳಿದ ಜಾಗ ಮಾತ್ರ ಹಬ್ಬದ ಎಲೆಯ ಮುಂದೆ. "ಅದರ ಉತ್ತರ ದೊಡ್ಡಪ್ಪನ ಹತ್ತಿರ ಒಂದೇ ಇಲ್ಲ. ಲೈನ್‌ಮನೆಯಲ್ಲಿ ಇರುವವರನ್ನೂ ಕೇಳಿದ್ದೀಯಾ?" ಎಂದೆ. ಕೇಳಿರಲಿಲ್ಲ.

ತೋಟದಲ್ಲಿ ಕಾಫಿ ಕೊಯ್ಯಲು ಬರುವ ಪಣಿ ಎರವ ಬುಡಕಟ್ಟಿನ ಹಿರಿಯ ಹೆಂಗಸೊಬ್ಬರ ಜೊತೆ ಅವಳು ಎರಡು ಭಾನುವಾರ ಕೂತು ಬಂದಳು. ಅವರ ಅಣ್ಣನ ಮನೆಯವರು ಲೈನ್‌ಮನೆ ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದರಂತೆ. 2016ರ ಡಿಸೆಂಬರಿನಲ್ಲಿ ಅಲ್ಲಿನ ಗುಡಿಸಲುಗಳನ್ನು ಅರಣ್ಯ ಜಾಗವೆಂದು ಕೆಡವಿದರು. ಹೋರಾಟವಾಯಿತು, ಕೊನೆಗೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಕೊಟ್ಟರು. ಆ ಅಮ್ಮ ಹೇಳಿದ ಮಾತನ್ನು ಸುಮ ಹಾಳೆಯ ಮೇಲೆ ಬರೆದಳು: ಪ್ರತಿ ಸಲವೂ ಓಟು ಹಾಕಿದ್ದೇನೆ, ಆದರೆ ಕಾರ್ಡಿನಲ್ಲಿರುವ ವಿಳಾಸ ತೋಟದ್ದು.

ಊರಿನ ನಿವೃತ್ತ ಗ್ರಾಮಲೆಕ್ಕಿಗರೊಬ್ಬರು ಇನ್ನೊಂದು ಎಳೆ ಕೊಟ್ಟರು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂದದ್ದು ಗೇಣಿ ಗದ್ದೆಗಳಲ್ಲಿ. ಕಾಫಿಯಂಥ ಪ್ಲಾಂಟೇಶನ್ ಬೆಳೆಯ ತೋಟಗಳನ್ನು ಕಾಯಿದೆ ಹೊರಗಿಟ್ಟಿತ್ತು. ಲೈನ್‌ಮನೆಯವರು ಗೇಣಿದಾರರಲ್ಲ, ಕೂಲಿಯವರು. ಅವರಿಗೆ ಅರ್ಜಿ ಹಾಕಲು ಕಲಂ ಇರಲಿಲ್ಲ. ಹುತ್ತರಿಯ ದಿನ ಕೇಳಿದ 'ಯಾಕಿಲ್ಲ'ಕ್ಕೆ ಸಿಕ್ಕ ಮೊದಲ ನೇರ ಉತ್ತರ ಅದು.

ಆಮೇಲೆ ಕೊಟ್ಟ ಸಲಹೆಗಳು ಸಣ್ಣವು. ಅವಳದ್ದು ಭಾರತದ ಪಾಸ್‌ಪೋರ್ಟ್, ಊರಲ್ಲೇ ನೆಲೆಸಿದ್ದಾಳೆ, ಆದರೂ ಮತದಾರರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಫಾರಂ 6 ತುಂಬಲು ಹೇಳಿದೆ. (ಇನ್ನೂ ಹೊರಗಿರುವ ಭಾರತೀಯ ಪ್ರಜೆಗಳಿಗೆ ಬೇರೆ ಫಾರಂ, 6ಎ. ಆದರೆ ಓಟಿನ ದಿನ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೇ ಬರಬೇಕು. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡು ಹೊಂದಿದವರಿಗೆ ಓಟಿಲ್ಲ. ಪೋಷಕರು ಇದನ್ನು ಆಗಾಗ ಕೇಳುತ್ತಾರೆ, ಅದಕ್ಕೆ ಬರೆದೆ.) ದೆಹಲಿಯನ್ನು ಸದ್ಯಕ್ಕೆ ಬದಿಗಿಟ್ಟು ಗ್ರಾಮಸಭೆಗೆ ಹೋಗು ಎಂದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಯಾರು ಯಾವ ಕಡೆ ಎಂದು ತಿಳಿಯದವಳಿಗೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೋದಳು. ಜನ ಕಡಿಮೆ, ವರದಿಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದರು. ಲೈನ್‌ಮನೆಯ ನೀರಿನ ಪೈಪಿನ ಬಗ್ಗೆ ಅವಳು ಒಂದು ಅರ್ಜಿ ಬರೆದುಕೊಟ್ಟು ಬಂದಿದ್ದಾಳೆ, ಕನ್ನಡದಲ್ಲಿ, ನಾಲ್ಕು ಸಾಲು.

ದೊಡ್ಡಪ್ಪನ ಹತ್ತಿರ ಹೋಗಲು ಎರಡು ತಿಂಗಳು ಹಿಡಿಯಿತು. ಜನ ಸೇರಿದಾಗ ಬೇಡ, ಅವರು ತೋಟಕ್ಕೆ ಹೊರಟಾಗ ಜೊತೆಗೆ ನಡೆ ಎಂದಿದ್ದೆ. ಸುಮಳ ಅಪ್ಪ ವಿಮಾನ ಹತ್ತಿದ ವರ್ಷದ ಬಗ್ಗೆ ಕೇಳಿದಾಗ ಅವರು ಬಹಳ ಹೊತ್ತು ಮೆಣಸಿನ ಬಳ್ಳಿ ನೋಡುತ್ತ ನಿಂತರಂತೆ. ಆ ವರ್ಷ ಕೂಲಿ ಕೊಡಲು ದೊಡ್ಡಮ್ಮನ ಬಳೆ ಅಡವಿಟ್ಟದ್ದನ್ನು ಹೇಳಿದರು. ಲೈನ್‌ಮನೆಯವರ ಜಾಗದ ಮಾತಿಗೆ ಈಗಲೂ ಅವರ ಒಪ್ಪಿಗೆ ಇಲ್ಲ. "ನಂಗೂ ನಿಮ್ಮ ಮಾತು ಒಪ್ಪಿಗೆ ಇಲ್ಲ ದೊಡ್ಡಪ್ಪ" ಎಂದು ಸುಮ ಅರೆಭಾಷೆಯಲ್ಲೇ ಹೇಳಿದಳಂತೆ. ತಪ್ಪು ಉಚ್ಚಾರವನ್ನು ಅವರು ತಿದ್ದಿದರು, ಇಬ್ಬರೂ ಮುಂದೆ ನಡೆದರು.

ಕಳೆದ ವಾರ ದೊಡ್ಡಪ್ಪ ನನಗೆ ಫೋನ್ ಮಾಡಿದ್ದರು. ಸುಮಳ ಬಗ್ಗೆ ನಿಮ್ಮ ಹತ್ತಿರ ಮಾತಾಡಲಾರೆ, ಅದು ಅವಳದ್ದು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಳೆಯ ಸದ್ದು ಮಾತ್ರ. "ಹಾಗಾದ್ರೆ ನನ್ನ ವಿಷಯ ಮಾತಾಡೋಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಒಂದೇ ಮನೆಯ ಇಬ್ಬರನ್ನು ನಾನೇ ನೋಡುವುದು ಸರಿಯಲ್ಲ. ಮಡಿಕೇರಿಯಲ್ಲಿರುವ ಇನ್ನೊಬ್ಬ ಸಲಹೆಗಾರರ ನಂಬರ್ ಕೊಟ್ಟಿದ್ದೇನೆ.