ಡೇಟಾ ಅನಾಲಿಸಿಸ್‌ನಿಂದ ಉಗ್ರರನ್ನು ಮೊದಲೇ ಗುರುತಿಸಬಹುದೇ?

ಎಂ.ಟೆಕ್ ಪ್ರಾಜೆಕ್ಟ್‌ಗೆ ಆಂತರಿಕ ಭದ್ರತೆ ತಗೊಂಡು, ಉಗ್ರರನ್ನು ಮೊದಲೇ ಗುರುತಿಸೋ ಮಾಡೆಲ್ ಮಾಡಬಹುದಾ ಅಂತ ಕೇಳಿದ್ದೀರಿ. ವಿಷಯ ಒಳ್ಳೆಯದೇ, ಆದರೆ ಆ ದಾರಿ ಬೇಡ ಅನ್ನಿಸುತ್ತೆ.

ಲೆಕ್ಕ ನೋಡಿ. 10 ಲಕ್ಷ ಪ್ರಯಾಣಿಕರಲ್ಲಿ 10 ಜನ ಅಪಾಯಕಾರಿಗಳು ಅಂದುಕೊಳ್ಳಿ. ಮಾಡೆಲ್ ನೂರಕ್ಕೆ 99 ಸಲ ಸರಿ ಹೇಳಿದರೂ ಸುಮಾರು 10,000 ಅಮಾಯಕರ ಮೇಲೆ ಅನುಮಾನ ಬೀಳುತ್ತೆ. ಅಷ್ಟು ಜನರನ್ನು ವಿಚಾರಿಸೋದು ಯಾರು? ಅವರ ಮರ್ಯಾದೆಗೆ ಹೊಣೆ ಯಾರು?

ಅದರ ಬದಲು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಭದ್ರತೆಗೆ ಮಾಡಿದ ಕೆಲಸದ ಬಗ್ಗೆ ಓದಿ. ರಸ್ತೆ ತಪಾಸಣೆ, ಶ್ವಾನದಳದ ಗಸ್ತು ದಿನಾ ಒಂದೇ ಹೊತ್ತಿಗಿದ್ದರೆ ಹೊಂಚು ಹಾಕುವವನಿಗೆ ಗೊತ್ತಾಗಿಬಿಡುತ್ತೆ. ಬರೀ ಚೀಟಿ ಎತ್ತಿ ನಿರ್ಧರಿಸಿದರೆ ಮುಖ್ಯ ಜಾಗಗಳೇ ತಪ್ಪಿಹೋಗಬಹುದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮಿಲಿಂದ್ ತಾಂಬೆ ಅವರ ತಂಡ ಗೇಮ್ ಥಿಯರಿ (ಎದುರಾಳಿ ಏನು ಮಾಡಬಹುದು ಅಂತ ಲೆಕ್ಕ ಹಾಕಿ ನಮ್ಮ ನಡೆ ನಿರ್ಧರಿಸೋ ಗಣಿತ) ಬಳಸಿ ಕಟ್ಟಿದ 'ಆರ್ಮರ್' ಅನ್ನೋ ಸಾಫ್ಟ್‌ವೇರ್ 2007ರಲ್ಲಿ ಅಲ್ಲಿ ಬಳಕೆಗೆ ಬಂತು. ಹೆಚ್ಚು ಅಪಾಯವಿರುವ ಕಡೆ ಹೆಚ್ಚು ಸಲ ಗಸ್ತು, ಆದರೆ ಯಾವಾಗ ಅಂತ ಯಾರಿಗೂ ಊಹಿಸೋಕಾಗಲ್ಲ. ಯಾರ ಹೆಸರು, ಧರ್ಮ, ಫೋನ್ ದಾಖಲೆಯೂ ಬೇಕಾಗಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ಮುಂದೆ ಅದೇ ತತ್ವ ಬಾಸ್ಟನ್ ಬಂದರಿನ ಕರಾವಳಿ ಕಾವಲಿಗೂ ಬಂತು.

ಪ್ರಾಬಬಿಲಿಟಿ, ಆಪ್ಟಿಮೈಸೇಷನ್ ಮೊದಲು ಗಟ್ಟಿ ಮಾಡ್ಕೊಳ್ಳಿ. ಆಮೇಲೆ 'ಸ್ಟ್ಯಾಕಲ್‌ಬರ್ಗ್ ಗೇಮ್' ಅಂತ ಹುಡುಕಿ, ಅಲ್ಲಿಂದ ಶುರು ಮಾಡಿ; ಒಬ್ಬರು ಮೊದಲು ನಡೆ ಇಟ್ಟು, ಇನ್ನೊಬ್ಬರು ಅದನ್ನು ನೋಡಿ ಪ್ರತಿನಡೆ ಇಡೋ ಗೇಮ್ ಥಿಯರಿ ಮಾದರಿ ಅದು.