ಹಿತ್ತಲ ಕೋಳಿ ಪ್ರಶ್ನೋತ್ತರ: ಮುಂಗಲಿ ಕಚ್ಚಿದ ಹೇಂಟೆಗೆ ಮೊದಲು ಏನು ಮಾಡಬೇಕು?

ಪ್ರಶ್ನೆ: ಮಟಮಟ ಮಧ್ಯಾಹ್ನ ಬಣವಿ ಸಂದಿಯಿಂದ ಬಂದ ಮುಂಗಲಿ ನಮ್ಮ ಜವಾರಿ ಹೇಂಟೆಯನ್ನು ಹಿಡಿಯಿತು. ಕೂಗಾಡಿ ಬಿಡಿಸಿದೆವು. ಬೆನ್ನ ಮೇಲೆ ಅಂಗೈಯಷ್ಟು ಚರ್ಮ ಸುಲಿದಿತ್ತು, ರೆಕ್ಕೆಯ ಬುಡದಲ್ಲಿ ಎರಡು ಸಣ್ಣ ತೂತು. ಅರಿಷಿಣ, ಸುಣ್ಣ ಕಲಸಿ ಮೆತ್ತಿದೆವು. ಬೆನ್ನಿನ ಗಾಯ ಒಣಗುತ್ತಾ ಬಂದಿತ್ತು, ಆದರೂ ನಾಲ್ಕನೇ ದಿನ ಸತ್ತಿತು. ಹೊಲಿಗೆ ಹಾಕಿಸಬೇಕಿತ್ತೇ, ಡಾಕ್ಟರೇ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಹೊಲಿಗೆ ಇಲ್ಲದ್ದಕ್ಕೆ ಸತ್ತಿರಲಾರದು. ಕೊಂದದ್ದು ಬಹುಶಃ ಆ ಎರಡು ಸಣ್ಣ ತೂತು. ಸುಲಿದ ಬೆನ್ನು ನೋಡಲು ಭಯಂಕರ, ಆದರೆ ಕೋಳಿಯ ಚರ್ಮ ಅಂಚಿನಿಂದ ಒಳಕ್ಕೆ ಬೆಳೆದು ಎರಡು ಮೂರು ವಾರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಕೋರೆಹಲ್ಲಿನ ತೂತು ಹಾಗಲ್ಲ. ಮೇಲೆ ಜೋಳದ ಕಾಳಿನಷ್ಟು ಕಂಡರೂ ಒಳಗೆ ಬೆರಳಿನಷ್ಟು ಆಳ, ತಳದಲ್ಲಿ ಕಚ್ಚಿದ ಪ್ರಾಣಿಯ ಜೊಲ್ಲು. ಮೇಲಿನ ಬಾಯಿ ಒಂದೇ ದಿನದಲ್ಲಿ ಕೂಡಿಕೊಳ್ಳುತ್ತದೆ, ಒಳಗೆ ಕೀವು ಉಳಿಯುತ್ತದೆ. ಸುಣ್ಣ ಅದಕ್ಕೆ ಮುಚ್ಚಳ ಹಾಕಿದಂತೆ, ಜೊತೆಗೆ ಹಸಿ ಮಾಂಸವನ್ನೂ ಸುಡುತ್ತದೆ. ಅರಿಷಿಣದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಆದರೆ ತೊಳೆಯದೆ ಮೆತ್ತಿದರೆ ಅದೂ ಮಣ್ಣಿನಂತೆಯೇ. ಬೂದಿ, ಸೀಮೆಎಣ್ಣೆ, ತಂಬಾಕಿನ ಪುಡಿ ಬೇಡವೇ ಬೇಡ.

ಮುಂದಿನ ಸಲಕ್ಕೆ ಕ್ರಮ ಹೇಳುತ್ತೇನೆ. ಕಾಲು ಹಿಡಿದು ತಲೆಕೆಳಗಾಗಿ ಎತ್ತಬೇಡಿ, ಸಂತೆಗೆ ಒಯ್ಯುವ ರೂಢಿ ಇಲ್ಲಿ ನಡೆಯದು. ಕೋಳಿಗೆ ನಮ್ಮಂತೆ ಎದೆ, ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯುಪರದೆ (ವಪೆ) ಇಲ್ಲ. ಎದೆಮೂಳೆ ಕೆಳಕ್ಕೆ ಮೇಲಕ್ಕೆ ಆಡಿದರೆ ಮಾತ್ರ ಉಸಿರು. ತಲೆಕೆಳಗಾದರೆ ಕರುಳು, ಈಲಿಯ ಭಾರವೆಲ್ಲ ಶ್ವಾಸಕೋಶಕ್ಕೆ ಕೂಡಿಕೊಂಡ ಗಾಳಿಚೀಲಗಳ ಮೇಲೆ ಬೀಳುತ್ತದೆ. ಹಳೆಯ ಟವೆಲಿನಲ್ಲಿ ರೆಕ್ಕೆ ಸೇರಿಸಿ ಸುತ್ತಿ, ಎದೆ ಒತ್ತದಂತೆ ತೋಳಲ್ಲಿ ಇಟ್ಟುಕೊಳ್ಳಿ. ರಕ್ತ ಹರಿಯುತ್ತಿದ್ದರೆ ಒಗೆದ ಬಟ್ಟೆಯಿಂದ 5 ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಸುರಿಯುತ್ತದೆ. ರಕ್ತ ನಿಂತ ಮೇಲೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಅರ್ಧ ಗಂಟೆ ಬಿಡಿ. ಬೆದರಿದ ಕೋಳಿಯನ್ನು ಆಗಲೇ ತೊಳೆಯಲು ಹೋದರೆ ಕೈಯಲ್ಲೇ ಜೀವ ಬಿಡಬಹುದು.

ಗಾಯಗೊಂಡ ಕೋಳಿಯನ್ನು ಬೆಚ್ಚಗಿಡಲು ಹಾಕುವ ಬಿಸಿ ಬಲ್ಬು ಚಳಿಗಾಲದ ರಾತ್ರಿಗೆ ಸರಿ. ನಮ್ಮ ಕಡೆಯ ಏಪ್ರಿಲ್‌, ಮೇ ಬಿಸಿಲಿನಲ್ಲಿ, ಅದೂ ತಗಡಿನ ಕೆಳಗೆ, ಬಲ್ಬು ಹಾಕಿದರೆ ಕೋಳಿ ಬೇಯುತ್ತದೆ. ಕೊಕ್ಕು ತೆರೆದು ರೆಕ್ಕೆ ಅಗಲಿಸಿ ಏದುತ್ತಿದ್ದರೆ ಸೆಕೆ ಎಂದೇ ತಿಳಿದು ಕಲ್ಲುಹಾಸಿನ ಕೋಣೆಗೆ ಒಯ್ಯಿರಿ.

ಈಗ ಗಾಯ. ಸುತ್ತಲಿನ ಗರಿಯನ್ನು ಎರಡು ಬೆರಳು ಅಗಲ ಕತ್ತರಿಸಿ, ಕೀಳಬೇಡಿ. ಚರ್ಮ ಕಾಗದದಷ್ಟು ತೆಳು, ಗರಿಯ ಜೊತೆಗೇ ಹರಿದು ಬರುತ್ತದೆ. ಕಂಡ ಗಾಯಕ್ಕೇ ತೃಪ್ತಿಪಡದೆ ರೆಕ್ಕೆಯ ಬುಡ, ತೊಡೆಯ ಒಳಗು, ಬಾಲದ ಕೆಳಗೆ ಗರಿ ಊದಿ ಊದಿ ನೋಡಿ. ಹಲ್ಲು ಜೋಡಿಯಾಗಿ ಊರುತ್ತವೆ, ಒಂದು ತೂತು ಸಿಕ್ಕರೆ ಅದರ ಜೊತೆಗಾರ ಎದುರು ಬದಿಯಲ್ಲೆಲ್ಲೋ ಇರುತ್ತದೆ.

ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಒಂದೂವರೆ ಚಹಾ ಚಮಚೆ. ಸೂಜಿ ತೆಗೆದ 20 ಎಂ.ಎಲ್. ಸಿರಿಂಜಿನಲ್ಲಿ ಈ ನೀರನ್ನು ಉಗುರುಬೆಚ್ಚಗೆ ಚಿಮ್ಮಿಸಿ, ಹೊರಬರುವ ನೀರು ತಿಳಿಯಾಗುವವರೆಗೆ. ಒಂದು ಎಚ್ಚರ: ಉಸಿರಾಡಿದಾಗ ತೂತಿನಲ್ಲಿ ಗುಳ್ಳೆ ಬಂದರೆ, ಅಥವಾ ಸುತ್ತಲ ಚರ್ಮ ಬಲೂನಿನಂತೆ ಉಬ್ಬಿದ್ದರೆ ಗಾಳಿಚೀಲ ಹರಿದಿದೆ. ಅಲ್ಲಿಗೆ ನೀರು ಬಿಟ್ಟರೆ ಕೋಳಿ ಒಳಗಿಂದ ಮುಳುಗುತ್ತದೆ. ಹಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೇರ ಪಶು ಆಸ್ಪತ್ರೆಗೆ. ಕುಡಿದ ನೀರು ಕುತ್ತಿಗೆಯ ಬುಡದಿಂದ ಸೋರಿದರೆ ಮೇವಿನ ಚೀಲ ತೂತಾಗಿದೆ, ಅದಕ್ಕೆ ಮಾತ್ರ ಹೊಲಿಗೆ ಬೇಕೇ ಬೇಕು. ಕಚ್ಚಿದ ತೂತನ್ನು ಹೊಲಿಯಬಾರದು, ಕೀವಿಗೆ ದಾರಿ ಇರಲಿ.

ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿವಾರಕ ದ್ರಾವಣ ಹಚ್ಚಿ. 10 ಪ್ರತಿಶತದ್ದಾದರೆ 1 ಚಮಚೆಗೆ 10 ಚಮಚೆ ನೀರು, 5 ಪ್ರತಿಶತದ್ದಾದರೆ 5 ಚಮಚೆ. ಹಾಲಿಲ್ಲದ ತೆಳು ಚಹಾದ ಬಣ್ಣ ಬಂದರೆ ಸರಿ. ಮೊದಲ ಮೂರು ದಿನ ಎರಡು ಹೊತ್ತು, ಆಮೇಲೆ ಒಂದು ಹೊತ್ತು. ಸುಲಿದ ಜಾಗಕ್ಕೆ ಸುಟ್ಟಗಾಯದ ಬಿಳಿ ಮುಲಾಮು, ಸಿಲ್ವರ್ ಸಲ್ಫಾಡೈಯಾಜಿನ್, ತೆಳ್ಳಗೆ. ಬುರುಬುರು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕಿದರೆ ಹೊಸದಾಗಿ ಬೆಳೆದ ಮಾಂಸವನ್ನೂ ತಿನ್ನುತ್ತದೆ.

ತೂತಿನ ಗಾಯವಿದ್ದರೆ ಮೊದಲ 24 ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕು, ಬೆಕ್ಕು ಕಚ್ಚಿದ್ದರಂತೂ ತಪ್ಪಿಸಲೇಬಾರದು. ಕೋಳಿಯನ್ನು ತೂಗಿಕೊಂಡು ಹೋಗಿ, ಪ್ರಮಾಣ ತೂಕದ ಮೇಲೆ. ಮನೆಯಲ್ಲಿ ಉಳಿದ ಮಾತ್ರೆ ಮುರಿದು ಹಾಕಬೇಡಿ. ಆಸ್ಪತ್ರೆ ದೂರವಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ನೀರನ್ನು ಬಾಯಿಗೆ ಸುರಿಯಬೇಡಿ, ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಓಆರ್‌ಎಸ್ ಕಲಸಿದ ನೀರಿನಲ್ಲಿ ಕೊಕ್ಕಿನ ತುದಿ ಅದ್ದಿದರೆ ಸಾಕು. ಸಜ್ಜೆ ನುಚ್ಚು, ಬೇಯಿಸಿದ ಮೊಟ್ಟೆಯ ಹಳದಿ ಮುಂದಿಡಿ.

ಪ್ರಶ್ನೆ: ನಾಯಿ ಕಚ್ಚಿದ ಗಿರಿರಾಜ ಕೋಳಿಯ ತೊಡೆ ಮೂರನೇ ದಿನಕ್ಕೆ ಹಸಿರಾಗಿದೆ. ಕೊಳೆತಿದೆ ಎಂದು ಎಲ್ಲರೂ ಹೇಳುತ್ತಾರೆ. ಕೊಯ್ದುಬಿಡುವುದೇ?
– ಓದುಗರು, ಸಿಂಧನೂರು

ಉತ್ತರ: ತಡೆಯಿರಿ. ನಮಗೆ ಪೆಟ್ಟು ಬಿದ್ದಲ್ಲಿ ನೀಲಿಗಟ್ಟುತ್ತದೆ, ಆಮೇಲೆ ಹಳದಿ. ಕೋಳಿಗೆ ಹಸಿರುಗಟ್ಟುತ್ತದೆ. ಒಳಗೆ ಸೋರಿದ ರಕ್ತ ಕರಗುವಾಗ ಹಸಿರು ಬಣ್ಣದ ಹಂತದಲ್ಲೇ ನಿಲ್ಲುತ್ತದೆ, ಹಕ್ಕಿಗಳಲ್ಲಿ ಅದನ್ನು ಹಳದಿ ಮಾಡುವ ಕಿಣ್ವವಿಲ್ಲ. ಮುಟ್ಟಿ ನೋಡಿ, ಮೂಸಿ ನೋಡಿ. ಬೆಚ್ಚಗಿದ್ದು ವಾಸನೆ ಇಲ್ಲದಿದ್ದರೆ ಬರೀ ಪೆಟ್ಟು, ವಾರದಲ್ಲಿ ಮಾಯುತ್ತದೆ. ಕಪ್ಪಾಗಿ, ತಣ್ಣಗಾಗಿ, ನಾರುತ್ತಿದ್ದರೆ ಮಾತ್ರ ಕೊಳೆ.

ಕೊಯ್ದು ತಿನ್ನುವ ಮಾತು ಬೇಡ. ಕಚ್ಚಿದ ನಾಯಿಗೆ ಹುಚ್ಚಿತ್ತೋ ಇಲ್ಲವೋ ಗೊತ್ತಿಲ್ಲ. ಔಷಧ ಕೊಟ್ಟಿದ್ದರೆ ವೈದ್ಯರು ಹೇಳುವಷ್ಟು ದಿನ ಮಾಂಸವೂ ಬೇಡ, ಮೊಟ್ಟೆಯೂ ಬೇಡ. ಗಾಯ ತೊಳೆಯುವಾಗ ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಿ. ನಾಯಿಯ ಜೊಲ್ಲು ನಿಮ್ಮ ಕೈಯ ತರಚು ಗಾಯಕ್ಕೆ ತಾಗಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಲಸಿಕೆಗೆ ಹೋಗಿ.

ಪ್ರಶ್ನೆ: ಗಾಯದ ಅಂಚಿನ ಗರಿಗೆ ರವೆಯಂಥದು ಅಂಟಿದೆ. ಎತ್ತಿನ ಗಾಯಕ್ಕೆ ಹಾಕುವ ಟರ್ಪೆಂಟೈನ್ ಹಾಕಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಬೇಡ. ಎತ್ತಿನ ತೊಗಲು ತಡೆದದ್ದನ್ನು ಕೋಳಿಯ ಚರ್ಮ ತಡೆಯದು. ಆ ರವೆ ನೊಣದ ಮೊಟ್ಟೆ, ಬಿಸಿಲುಗಾಲದಲ್ಲಿ ಒಂದೇ ದಿನದೊಳಗೆ ಹುಳು. ಅಂಟಿದ ಗರಿಯನ್ನೇ ಕತ್ತರಿಸಿ ತೆಗೆಯಿರಿ, ಹುಳುವಿದ್ದರೆ ಚಿಮಟದಿಂದ ಒಂದೊಂದಾಗಿ ಹೆಕ್ಕಿ, ಉಪ್ಪುನೀರಿನಲ್ಲಿ ತೊಳೆಯಿರಿ, ನಾಲ್ಕು ತಾಸಿಗೊಮ್ಮೆ ಮತ್ತೆ ನೋಡಿ. ಬಾಲದ ಕೆಳಗೆ ಹಿಕ್ಕೆ ಅಂಟಿದ್ದರೆ ಅದನ್ನೂ ತೊಳೆಯಿರಿ, ನೊಣ ಬರುವುದೇ ಆ ವಾಸನೆಗೆ. ಗಾಯ ಒಣಗುವವರೆಗೆ ಸೊಳ್ಳೆಪರದೆ ಹೊದಿಸಿದ ಬುಟ್ಟಿಯಲ್ಲಿರಲಿ, ಹಿಂಡಿಗೆ ಕಾಣುವಂತೆ ಆದರೆ ಸಿಗದಂತೆ. ಕೆಂಪು ಕಂಡರೆ ಉಳಿದ ಕೋಳಿಗಳೇ ಕುಕ್ಕಿ ಮುಗಿಸುತ್ತವೆ. ಪೂರ್ತಿ ಕಣ್ಮರೆಯಾದರೆ ವಾಪಸ್ ಬಿಟ್ಟಾಗ ಹೊಸಬಳೆಂದು ಹೊಡೆಯುತ್ತವೆ. ಕತ್ತರಿಸಿದ ಗರಿ ಮುಂದಿನ ಗರಿ ಉದುರುವ ಕಾಲದವರೆಗೆ ಬರುವುದಿಲ್ಲ, ಕಿತ್ತುಹೋದ ಜಾಗದಲ್ಲಿ ಮಾತ್ರ ಕೆಲವೇ ವಾರಕ್ಕೆ ಮೊಳೆಯುತ್ತದೆ.

ಪ್ರಶ್ನೆ: ಮುಂಗಲಿ ಮತ್ತೆ ಬಾರದಂತೆ ಉರುಲು ಇಡಬಹುದೇ?
– ಓದುಗರು, ಗಂಗಾವತಿ

ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮುಂಗಲಿ ಹಗಲಿನ ಪ್ರಾಣಿ, ರಾತ್ರಿ ಬಂದದ್ದಾದರೆ ಕಾಡುಬೆಕ್ಕನ್ನೋ ನಾಯಿಯನ್ನೋ ಸಂಶಯಿಸಿ. ಆರುಮೂಲೆ ಕಣ್ಣಿನ ತೆಳು ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಬುಡದ ಸುತ್ತ ಒಂದೂವರೆ ಅಡಿ ಅಗಲ ಫರಸಿ ಕಲ್ಲು ಹಾಸಿ. ಕೆದರಲು ಬಂದದ್ದು ಕಲ್ಲು ತಾಗಿ ಹಿಂದಿರುಗುತ್ತದೆ. ಬಣವಿಯನ್ನು ಗೂಡಿನಿಂದ ದೂರ ಒಟ್ಟಿ.