ಜೆಂಟೂ (ಪ್ಯಾಕೇಜ್‌ಗಳನ್ನು ಸಾಮಾನ್ಯವಾಗಿ ಮೂಲ ಕೋಡ್‌ನಿಂದಲೇ ಕಟ್ಟಿಕೊಳ್ಳುವ ಲಿನಕ್ಸ್): ಕಂಪೈಲ್ ಮಾಡುವಾಗ ಸಿಸ್ಟಮ್ ಹ್ಯಾಂಗ್ ಆಗ್ತಿದೆ, ಪ್ರೊಸೆಸರ್ ಬದಲಿಸಬೇಕಾ?

ಬೇಡ, ದುಡ್ಡು ಉಳಿಸಿಕೊಳ್ಳಿ. ನಿಮ್ಮ 16 ಥ್ರೆಡ್ ಪ್ರೊಸೆಸರ್ ಚೆನ್ನಾಗಿಯೇ ಇದೆ. ಸಾಲದೆ ಬರುತ್ತಿರುವುದು 16 ಜಿಬಿ ರ‍್ಯಾಮ್.

ಮೇಕ್‌ಆಪ್ಟ್ಸ್‌ನಲ್ಲಿ (ಕೋಡ್ ಕಟ್ಟುವ 'ಮೇಕ್'ಗೆ ಕೊಡುವ ಸೆಟ್ಟಿಂಗ್) ಜೆ 16, ಅಂದರೆ ಒಂದು ಪ್ಯಾಕೇಜಿಗೆ 16 ಕೆಲಸ, ಪ್ಯಾಕೇಜ್ ಹಾಕುವ ಕಮಾಂಡ್ ಇಮರ್ಜ್‌ಗೆ ಜಾಬ್ಸ್ 4 ಕೊಟ್ಟಿದ್ದೇನೆ ಅಂದಿರಿ. ಇವೆರಡನ್ನೂ ಗುಣಿಸಿ ನೋಡಬೇಕು. ಒಮ್ಮೆಗೆ ನಾಲ್ಕು ಪ್ಯಾಕೇಜ್, ಪ್ರತಿಯೊಂದರಲ್ಲೂ ಹದಿನಾರು ಕಂಪೈಲರ್. ಒಂದು ಪ್ಯಾಕೇಜಿನ ಮೇಕ್‌ಗೆ ಇನ್ನೊಂದರ ಲೆಕ್ಕ ಗೊತ್ತಿರುವುದಿಲ್ಲ, ಹಾಗಾಗಿ 64ರವರೆಗೂ ಹೋಗಬಹುದು. ಜಾಬ್ ಒಂದಕ್ಕೆ 2 ಜಿಬಿ ಇಟ್ಟುಕೊಳ್ಳಿ ಅಂತ ಜೆಂಟೂ ಕೈಪಿಡಿಯೇ ಹೇಳುತ್ತದೆ. ಸಿ ಕೋಡ್‌ಗೆ ಅಷ್ಟು ಬೇಕಾಗಲ್ಲ. ಆದರೆ ದೊಡ್ಡ ಸಿ ಪ್ಲಸ್ ಪ್ಲಸ್ ಪ್ಯಾಕೇಜ್‌ಗಳಿಗೆ ಖಂಡಿತ ಬೇಕು.

ನನಗೂ ಕ್ಯೂಟಿ ವೆಬ್‌ಎಂಜಿನ್ ಅನ್ನೋ ದೊಡ್ಡ ಪ್ಯಾಕೇಜ್ ಕಟ್ಟುವಾಗ ಹೀಗೇ ಆಗಿತ್ತು. ಸಿಸ್ಟಮ್‌ನ ಸ್ಥಿತಿ ತೋರಿಸುವ ಎಚ್‌ಟಾಪ್‌ನಲ್ಲಿ ಲೋಡ್ 50 ದಾಟಿದೆ, ಆದರೆ ಸಿಪಿಯು ಪಟ್ಟಿಗಳು ಅರ್ಧವೂ ತುಂಬಿಲ್ಲ! ಸಾಲು ಸಾಲು ಪ್ರಾಸೆಸ್‌ಗಳ ಮುಂದೆ 'ಡಿ' ಅಕ್ಷರ, ಅಂದರೆ ಹೆಚ್ಚಾಗಿ ಡಿಸ್ಕ್‌ಗಾಗಿ ಕಾಯುತ್ತಿವೆ ಎಂಬ ಗುರುತು. ಲಿನಕ್ಸ್‌ನಲ್ಲಿ ಲೋಡ್ ಅಂದರೆ ಬರೀ ಸಿಪಿಯು ಕೆಲಸವಲ್ಲ, ಡಿಸ್ಕ್‌ಗಾಗಿ ಕಾದು ಕೂತವರೂ ಅದರಲ್ಲಿ ಸೇರುತ್ತಾರೆ. ರ‍್ಯಾಮ್ ಮುಗಿದು ಎಲ್ಲವೂ ಸ್ವಾಪ್‌ಗಾಗಿ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕಾಯುತ್ತಿದ್ದವು. ಕೊನೆಗೆ ಕರ್ನಲ್ ಕಂಪೈಲರನ್ನೇ ಕೊಂದು ಹಾಕಿತು. ಲಾಗ್‌ನಲ್ಲಿ ಇದ್ದದ್ದು 'ಕಿಲ್ಡ್' ಅನ್ನೋ ಒಂದು ಪದ ಮಾತ್ರ. ಅದನ್ನು ಗಮನಿಸದೆ ಕೋಡ್‌ನಲ್ಲೇ ದೋಷ ಇರಬೇಕು ಅಂತ ಎರಡು ಸಂಜೆ ಸುಮ್ನೆ ಹುಡುಕಿದೆ. ನೀವು ಮೊದಲು ಡಿಮೆಸ್ಜ್ (ಕರ್ನಲ್ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿ.

ಸಾಮಾನ್ಯ ಪ್ಯಾಕೇಜ್‌ಗಳಿಗೆ ನಾನಾದರೆ ಮೇಕ್‌ಗೆ ಜೆ 7, ಎಲ್ 16 (ಲೋಡ್ ಇಷ್ಟಾದರೆ ಹೊಸ ಕೆಲಸ ಶುರುವಾಗದ ಮಿತಿ), ಇಮರ್ಜ್‌ಗೆ ಜಾಬ್ಸ್ 2, ಲೋಡ್ ಆವರೇಜ್ 12 (ಅದೇ ತರಹದ ಮಿತಿ) ಇಡುತ್ತೇನೆ. ಜಾಬ್ಸ್ 1 ಯಾಕಲ್ಲ ಅಂದರೆ, ಕಂಪೈಲ್‌ಗೆ ಮುಂಚಿನ ಕಾನ್ಫಿಗರ್ ಹಂತ ಒಂದೇ ಕೋರ್‌ನಲ್ಲಿ ತೆವಳುತ್ತದೆ. ಆ ಹೊತ್ತಿಗೆ ಇನ್ನೊಂದು ಪ್ಯಾಕೇಜ್ ಮುಂದುವರಿಯಲಿ. ಲೋಡ್ ಮಿತಿಯೊಂದನ್ನೇ ನಂಬಿಕೊಳ್ಳಬೇಡಿ. ಇಮರ್ಜ್ ನೋಡುವುದು ಒಂದು ನಿಮಿಷದ ಸರಾಸರಿ, ಅದು ಏರುವಷ್ಟರಲ್ಲಿ ಕೆಲಸಗಳು ಶುರುವಾಗಿಬಿಟ್ಟಿರುತ್ತವೆ. ರ‍್ಯಾಮ್ ಎಷ್ಟು ಉಳಿದಿದೆ ಅಂತ ಅದು ನೋಡುವುದೂ ಇಲ್ಲ.

ವೆಬ್‌ಎಂಜಿನ್, ಕ್ರೋಮಿಯಂ, ಎಲ್‌ಎಲ್‌ವಿಎಂ ತರಹದ ಭಾರೀ ಪ್ಯಾಕೇಜ್‌ಗಳಿಗೆ ಪ್ಯಾಕೇಜ್ ಡಾಟ್ ಎನ್ವ್ (ಪ್ಯಾಕೇಜಿಗೊಂದು ಸೆಟ್ಟಿಂಗ್ ಇಡುವ ಫೈಲ್) ಬಳಸಿ, ಅವಕ್ಕಷ್ಟೇ ಜೆ 4 ಕೊಡಿ. ರಾತ್ರಿ ಮಲಗುವ ಮುಂಚೆ ಒಂದೊಂದನ್ನೇ ಹಚ್ಚಿಬಿಡಿ. ಇದೊಂದು ಮಾಡಿದ್ದಕ್ಕೇ ನನ್ನ ಮೆಷಿನ್ ಮತ್ತೆ ಹ್ಯಾಂಗ್ ಆಗಿಲ್ಲ.

ಕಂಪೈಲ್ ನಡೆಯುವಾಗಲೇ ಬ್ರೌಸರ್ ಸಲೀಸಾಗಿ ಓಡಬೇಕು ಅಂದರೆ ಪೋರ್ಟೇಜ್ (ಇಮರ್ಜ್‌ನ ಹಿಂದಿರುವ ಪ್ಯಾಕೇಜ್ ವ್ಯವಸ್ಥೆ) ಶೆಡ್ಯೂಲಿಂಗ್ ಪಾಲಿಸಿಯನ್ನು 'ಐಡಲ್' ಮಾಡಿ, ಅಂದರೆ ಸಿಪಿಯು ಖಾಲಿ ಇದ್ದಾಗ ಮಾತ್ರ ಕಂಪೈಲ್ ಓಡುತ್ತದೆ. ಸಿಪಿಯು ಮಟ್ಟಿಗೆ ಒಳ್ಳೆಯ ಉಪಾಯ, ರ‍್ಯಾಮ್‌ಗೆ ಇದರಿಂದ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಪೋರ್ಟೇಜ್‌ನ ಟೆಂಪ್ ಫೋಲ್ಡರನ್ನು ಟಿಎಂಪಿಎಫ್‌ಎಸ್‌ನಲ್ಲಿ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಮ್) ಇಟ್ಟಿದ್ದೀರಾ? ಹಾಗಿದ್ದರೆ ಅದೂ ಇದೇ 16 ಜಿಬಿಯನ್ನೇ ತಿನ್ನುತ್ತಿರುತ್ತದೆ. ದೊಡ್ಡ ಪ್ಯಾಕೇಜ್‌ಗಳಿಗಾದರೂ ಅದನ್ನು ಡಿಸ್ಕ್‌ಗೆ ಬದಲಿಸಿ, ಆಮೇಲೆ ಮೇಲಿನ ಸಂಖ್ಯೆಗಳನ್ನು ಹಾಕಿ ನೋಡಿ.